ಮಾಲೂರು ಕಡೆ ಸರ್ಕಾರಿ ಶಾಲೆಯ ಅಂಕಿ-ಅಂಶ ನೋಡಿ ಭಯ ಆಗ್ತಿದೆ, ಮಗಳನ್ನು ಸೇರಿಸಬಹುದಾ?

ನೀವು ಕೇಳಿರುವುದು ಇಷ್ಟು: ಬೆಂಗಳೂರು ಬಿಟ್ಟು ಮಾಲೂರು ಹತ್ತಿರ ಮನೆ ಮಾಡುತ್ತಿದ್ದೀರಿ. ಮಗಳು ಎರಡನೇ ಕ್ಲಾಸಿಗೆ ಬರುತ್ತಾಳೆ. ಮನೆ ಹತ್ತಿರದ ಸರ್ಕಾರಿ ಶಾಲೆಯ ಯುಡೈಸ್ ವರದಿ (ಪ್ರತಿ ಶಾಲೆಯ ಬಗ್ಗೆ ಸರ್ಕಾರ ಇಡುವ ವಾರ್ಷಿಕ ಲೆಕ್ಕ) ತೆಗೆದು ನೋಡಿದರೆ ಪರಿಶಿಷ್ಟ ಜಾತಿಯ ಮಕ್ಕಳೇ ಜಾಸ್ತಿ. ರಿಸಲ್ಟೂ ಅಷ್ಟಕ್ಕಷ್ಟೇ ಅಂತ ಯಾರೋ ಹೇಳಿದರು.

ನಾನು ಇದೇ ತಾಲ್ಲೂಕಿನವನು. ನನ್ನ ಇಬ್ಬರು ಮಕ್ಕಳೂ ಊರಿನ ಸರ್ಕಾರಿ ಶಾಲೆಯಲ್ಲೇ ಓದಿದರು. ಮೂರು ವರ್ಷ ಎಸ್‌ಡಿಎಂಸಿಯಲ್ಲಿದ್ದೆ (ಪೋಷಕರೇ ಇರುವ ಶಾಲೆಯ ಮೇಲುಸ್ತುವಾರಿ ಸಮಿತಿ), ಹಾಗಾಗಿ ಆ ಕಾಗದಗಳನ್ನು ಸುಮಾರು ನೋಡಿದ್ದೇನೆ.

ಮೊದಲು ಜಾತಿಯ ವಿಷಯ. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಪರಿಶಿಷ್ಟ ಜಾತಿಯವರು ಶೇಕಡಾ 17ರಷ್ಟು, ಮಾಲೂರು ಸೇರಿದ ಕೋಲಾರ ಜಿಲ್ಲೆಯಲ್ಲಿ ಶೇಕಡಾ 30. ಅದರ ಮೇಲೆ, ಊರಲ್ಲಿ ಸ್ವಲ್ಪ ಕಾಸಿದ್ದವರೆಲ್ಲ ಮಕ್ಕಳನ್ನು ಬೆಳಿಗ್ಗೆ ಎಂಟಕ್ಕೇ ಹಳದಿ ವ್ಯಾನ್ ಹತ್ತಿಸಿ ಕಾನ್ವೆಂಟಿಗೆ ಕಳಿಸುತ್ತಾರೆ. ಉಳಿದವರು ಯಾರು ಅಂತ ವರದಿ ಹೇಳುತ್ತದೆ, ಅಷ್ಟೇ. ಅದನ್ನು ನೋಡಿ ಪಾಠ ಹೇಗಿದೆ ಅಂತ ತೀರ್ಮಾನ ಮಾಡುವುದು, ಬಸ್‌ಸ್ಟ್ಯಾಂಡಲ್ಲಿ ನಿಂತಿರುವ ಜನರನ್ನು ನೋಡಿ ಡ್ರೈವರ್ ಹೇಗೆ ಓಡಿಸುತ್ತಾನೆ ಅಂತ ಹೇಳಿದ ಹಾಗೆ. ನಿಮಗೆ ಬೇಜಾರಾದರೂ ಪರವಾಗಿಲ್ಲ, ಈ ಒಂದು ಭಯವನ್ನು ಅಲ್ಲೇ ಬಿಟ್ಟು ಬನ್ನಿ.

ಇನ್ನು ರಿಸಲ್ಟ್. ಯಾವ ರಿಸಲ್ಟು ಅಂತ ಹೇಳಿದವರನ್ನು ಕೇಳಿದ್ರಾ? ಎಸ್‌ಎಸ್‌ಎಲ್‌ಸಿಗಾದರೆ ಪ್ರತಿ ವರ್ಷ ಜಿಲ್ಲೆಗೊಂದು ಸ್ಥಾನ ಅಂತ ಪೇಪರಲ್ಲಿ ಬರುತ್ತದೆ. ಪ್ರಾಥಮಿಕ ಶಾಲೆಗೆ ಅಂಥದ್ದಿಲ್ಲ. 2024ರ ಮಾರ್ಚ್‌ನಲ್ಲಿ ಐದನೇ ಕ್ಲಾಸಿಗೂ ಬೋರ್ಡ್ ಪರೀಕ್ಷೆ ಮಾಡಿದರು, ಆಮೇಲೆ ಫಲಿತಾಂಶಕ್ಕೆ ಸುಪ್ರೀಂ ಕೋರ್ಟೇ ತಡೆ ಕೊಟ್ಟಿತು. ಯುಡೈಸ್‌ನಲ್ಲಿ ಮಕ್ಕಳೆಷ್ಟು, ಮೇಷ್ಟ್ರೆಷ್ಟು, ಶೌಚಾಲಯ ಎಷ್ಟು ಅಂತ ಸಿಗುತ್ತದೆ. ಯಾವ ಮಗುವಿಗೆ ಓದಲು ಬರುತ್ತದೆ ಅಂತ ಸಿಗಲ್ಲ.

ನಮ್ಮ ಶಾಲೆಯದ್ದೇ ಒಂದು ಲೆಕ್ಕ ಹೇಳುತ್ತೇನೆ. ಒಂದು ವರ್ಷ ನಾಲ್ಕನೇ ಕ್ಲಾಸಲ್ಲಿ ಒಂಬತ್ತು ಮಕ್ಕಳು. ಮೂವರಿಗೆ ಎರಡನೇ ಕ್ಲಾಸಿನ ಪಾಠ ಓದಲು ಬರುತ್ತಿರಲಿಲ್ಲ. ಮಳೆ ನಿಂತು ಇಟ್ಟಿಗೆ ಗೂಡುಗಳು ಶುರುವಾದವು. ಡಿಸೆಂಬರ್‌ನಲ್ಲಿ ಗೂಡಿನ ಕೆಲಸಕ್ಕೆ ರಾಯಚೂರು ಕಡೆಯಿಂದ ಬಂದ ಮನೆಗಳ ಇಬ್ಬರು ಹುಡುಗರು ಬಂದು ಸೇರಿದರು. ಟಿಸಿ ಇಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ, ವಯಸ್ಸಿಗೆ ತಕ್ಕ ಕ್ಲಾಸಿಗೇ ಕೂರಿಸಬೇಕು, ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಇರುವುದೇ ಹಾಗೆ. ಈಗ ಓದಲು ಬಾರದವರು ಹನ್ನೊಂದರಲ್ಲಿ ಐವರು. ಶೇಕಡಾ 33 ಇದ್ದದ್ದು 45 ಆಯಿತು. ಅದೇ ಮೇಷ್ಟ್ರು, ಅದೇ ಒಂಬತ್ತು ಮಕ್ಕಳು, ಮೂರು ತಿಂಗಳಲ್ಲಿ ಶಾಲೆ ‘ಕೆಟ್ಟುಹೋಯಿತು’. ತಮಾಷೆ ಏನು ಗೊತ್ತಾ, ಆಗಿನ ಯುಡೈಸ್ ಲೆಕ್ಕ ಸೆಪ್ಟೆಂಬರ್ 30ರ ಹೊತ್ತಿಗೆ ಇದ್ದ ಮಕ್ಕಳದ್ದು. ಆ ಇಬ್ಬರು ಆ ವರದಿಯಲ್ಲಿ ಇಲ್ಲವೇ ಇಲ್ಲ. ಮಾರ್ಚ್ ಪರೀಕ್ಷೆಯಲ್ಲಿ ಮಾತ್ರ ಇದ್ದಾರೆ.

ಅವರಲ್ಲಿ ಒಬ್ಬನಿಗೆ ಬಂದಾಗ ಅಕ್ಷರವೇ ಸರಿಯಾಗಿ ಗೊತ್ತಿರಲಿಲ್ಲ. ಮಾರ್ಚ್ ಹೊತ್ತಿಗೆ ಒತ್ತಕ್ಷರ ಇಲ್ಲದ ಪದಗಳನ್ನು ಬೆರಳಿಟ್ಟು ಕೂಡಿಸಿ ಓದುತ್ತಿದ್ದ. ಕಾಗದದಲ್ಲಿ ಅವನಿಗೆ ‘ಸಿ’ ಗ್ರೇಡು. ಅಂಗಡಿಯವರ ಮಗನಿಗೆ ‘ಎ’, ಅವನಿಗೆ ಮನೆಯಲ್ಲೇ ಅಮ್ಮ ಹೇಳಿಕೊಡುತ್ತಿದ್ದರು. ಆ ವರ್ಷ ಶಾಲೆ ಜಾಸ್ತಿ ಕಲಿಸಿದ್ದು ಯಾರಿಗೆ? ಆ ಹುಡುಗ ಮೇನಲ್ಲಿ ಹೊರಟುಹೋದ, ಮತ್ತೆ ಬರಲಿಲ್ಲ.

ಭಾಷೆಯದ್ದೂ ಒಂದಿದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಒಂದನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಹಸುವಿನ ಚಿತ್ರದ ಕಾರ್ಡ್ ತೋರಿಸಿದರು. ‘ಆವು’ ಅಂದಳು. ತಪ್ಪೇನಿಲ್ಲ, ತೆಲುಗಲ್ಲಿ ಹಸುವಿಗೆ ಆವು ಅಂತಲೇ ಅನ್ನುವುದು. ಆದರೆ ಕಾರ್ಡಲ್ಲಿ ಕಲಿಯಬೇಕಿದ್ದ ಅಕ್ಷರ ‘ಹ’. ನಮ್ಮ ಮೇಡಂಗೆ ತೆಲುಗು ಬರುತ್ತಿತ್ತು, ನಕ್ಕು ‘ಅವುನಮ್ಮಾ, ಕನ್ನಡದಲ್ಲಿ ಹಸು’ ಅಂದರು. ತೆಲುಗು ಬಾರದವರಾಗಿದ್ದರೆ ಅವಳ ಲೆಕ್ಕಕ್ಕೆ ಒಂದು ತಪ್ಪು ಬೀಳುತ್ತಿತ್ತು.

ಹಾಗಾದರೆ ನೋಡಬೇಕಾದದ್ದು ಏನು? ಒಂದು ದಿನ ಹೋಗಿ, ಹೆಡ್‌ಮೇಷ್ಟ್ರನ್ನು ಕೇಳಿ ನಲಿ-ಕಲಿ (ಚಿಕ್ಕ ಮಕ್ಕಳು ಕಾರ್ಡು, ಚಟುವಟಿಕೆಗಳ ಮೂಲಕ ತಮ್ಮ ವೇಗದಲ್ಲೇ ಕಲಿಯುವ ಪದ್ಧತಿ) ಕೊಠಡಿಯಲ್ಲಿ ಅರ್ಧ ಗಂಟೆ ಕೂತುಕೊಳ್ಳಿ. ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗೇ ಕೂತಿರುತ್ತಾರೆ, ನಿಮ್ಮ ಮಗಳೂ ಅಲ್ಲೇ ಕೂರುವುದು. ಮೇಲೆ ದಾರದಲ್ಲಿ ಕಟ್ಟಿದ ಕಲಿಕಾ ಚಪ್ಪರ ನೋಡಿ: ನೇತಾಡುತ್ತಿರುವುದು ಈ ತಿಂಗಳು ಮಕ್ಕಳು ಬರೆದದ್ದಾ, ಇಲ್ಲಾ ಹೋದ ವರ್ಷದ ಧೂಳು ಹಿಡಿದ ಹಾಳೆಗಳಾ? ಗೋಡೆ ಮೇಲಿನ ಪ್ರಗತಿ ನೋಟ ನೋಡಿ, ಯಾವ ಮಗು ಕಲಿಕೆಯ ಯಾವ ಹಂತ (ಮೈಲಿಗಲ್ಲು) ಮುಟ್ಟಿದೆ ಅಂತ ತೋರಿಸುವ ಪಟ್ಟಿ ಅದು. ಎಲ್ಲ ಮಕ್ಕಳೂ ಒಂದೇ ಮೈಲಿಗಲ್ಲಿನಲ್ಲಿದ್ದರೆ ಯಾರೋ ಕೂತು ಸುಮ್ನೆ ತುಂಬಿದ್ದಾರೆ ಅಂತ ಅರ್ಥ. ಏರುಪೇರು ಇದ್ದರೆ ಖುಷಿಪಡಿ, ಅದು ನಿಜವಾದ ಲೆಕ್ಕ.

ಆಮೇಲೆ ಮೇಷ್ಟ್ರ ಸಂಖ್ಯೆ. ನಿಯಮದ ಪ್ರಕಾರ 30 ಮಕ್ಕಳಿಗೆ ಒಬ್ಬರು, ಕಾಗದದಲ್ಲಿ ಸರಿಯಾಗೇ ಇರುತ್ತದೆ. ಅವರಲ್ಲಿ ಅತಿಥಿ ಶಿಕ್ಷಕರೆಷ್ಟು, ಬೇರೆ ಕಡೆ ನಿಯೋಜನೆ ಮೇಲೆ ಹೋದವರೆಷ್ಟು ಅಂತ ಬಾಯಿಬಿಟ್ಟು ಕೇಳಿ. ನನ್ನ ಚಿಕ್ಕ ಮಗನ ಶಾಲೆಯಲ್ಲಿ ಒಂದು ವರ್ಷ ಗಣಿತದ ಮೇಷ್ಟ್ರು ವರ್ಗಾವಣೆ ಆಗಿ, ಬದಲಿಗೆ ಯಾರೂ ಬರಲು ದಸರಾ ರಜೆ ಕಳೆಯಿತು. ಆಗ ಸರಿಯಾಗಿ ಕಲಿಯದ ಭಾಗಾಕಾರದ ಪೆಟ್ಟು ಅವನಿಗೆ ಹೈಸ್ಕೂಲಿಗೆ ಹೋದ ಮೇಲೂ ಬಿಡಲಿಲ್ಲ. ಅದಕ್ಕೂ ಪಕ್ಕದಲ್ಲಿ ಕೂತ ಹುಡುಗನ ಜಾತಿಗೂ ಏನು ಸಂಬಂಧ, ಅಲ್ವಾ?

ಇಂಗ್ಲಿಷ್ ಬಗ್ಗೆ ಸುಳ್ಳು ಹೇಳಲ್ಲ, ನಮ್ಮಲ್ಲಿ ವೀಕು. 2019ರಿಂದ ಕೆಲವು ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವೂ ಇದೆ, ನಿಮ್ಮ ಕಡೆಯದ್ದು ಆ ಪಟ್ಟಿಯಲ್ಲಿದೆಯಾ ವಿಚಾರಿಸಿ.

ನೋಡಲು ಬರುವುದಾದರೆ ಫೆಬ್ರವರಿ, ಮಾರ್ಚ್‌ನಲ್ಲೇ ಬನ್ನಿ. ಏಪ್ರಿಲ್‌ನಲ್ಲಿ ರಜೆ ಕೊಟ್ಟ ಮೇಲೆ ಖಾಲಿ ಕೊಠಡಿ ನೋಡಬೇಕಾಗುತ್ತದೆ. ಬೆಂಗಳೂರಿನ ಶಾಲೆಯಿಂದ ಟಿಸಿ ಜೊತೆಗೆ ಮಗಳ ಸ್ಯಾಟ್ಸ್ ನಂಬರ್ (ರಾಜ್ಯದ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರುವ ನಂಬರ್) ಬರೆಸಿಕೊಳ್ಳಿ. ನಂಬರ್ ಕೈಯಲ್ಲಿದ್ದರೆ ಇಲ್ಲಿ ಆನ್‌ಲೈನಲ್ಲಿ ಹೆಸರು ಏರಿಸಲು ಓಡಾಟ ಕಮ್ಮಿ.