ಉದ್ರಿ ಕೊಟ್ಟ ಭತ್ತದ ಹಣಕ್ಕೆ ಎಷ್ಟು ದಿನದೊಳಗೆ ಕೇಸ್ ಹಾಕಬೇಕು?

ಗಂಗಾವತಿಯ ವ್ಯಾಪಾರಿಗೆ ಭತ್ತ ಉದ್ರಿ ಕೊಟ್ಟು ಎರಡು ವರ್ಷ ಆಯಿತು, ‘ಮುಂದಿನ ಸುಗ್ಗಿಗೆ ಕೊಡ್ತೀನಿ’ ಅಂತಲೇ ಇದ್ದಾರೆ, ಕೋರ್ಟಿಗೆ ಹೋಗಲು ಇನ್ನೂ ಟೈಮ್ ಇದೆಯಾ ಅಂತ ಕೇಳಿದ್ದೀರಿ.

ಇದೆ, ಆದರೆ ಜಾಸ್ತಿ ಇಲ್ಲ. 1963ರ ಕಾಲಮಿತಿ ಕಾಯ್ದೆ ಪ್ರಕಾರ ಒಟ್ಟು 3 ವರ್ಷ. ವಾಯಿದೆ ಗೊತ್ತು ಮಾಡಿರದಿದ್ದರೆ ಮಾಲು ಕೊಟ್ಟ ದಿನದಿಂದ ಲೆಕ್ಕ. ವಾಯಿದೆ ಇದ್ದರೆ ಅದು ಮುಗಿದ ದಿನದಿಂದ.

ಬಾಯಿಮಾತಿನ ಭರವಸೆಯಿಂದ ಒಂದು ದಿನವೂ ಹೆಚ್ಚಾಗುವುದಿಲ್ಲ. ಎಷ್ಟೋ ಜನ ಮೋಸ ಹೋಗುವುದು ಇಲ್ಲೇ. ವಕೀಲರ ನೋಟಿಸ್ ಕಳಿಸಿದರೂ ಅಷ್ಟೇ. ಆದರೆ 3 ವರ್ಷ ತುಂಬುವ ಮೊದಲೇ ‘ಇಷ್ಟು ಬಾಕಿ ಇದೆ’ ಅಂತ ಬರೆದು ಅವರು ಸಹಿ ಮಾಡಿದರೆ, ಆ ದಿನದಿಂದ ಹೊಸದಾಗಿ 3 ವರ್ಷ ಸಿಗುತ್ತದೆ. ಸ್ವಲ್ಪ ಹಣ ಕೊಟ್ಟರೂ ಹಾಗೆಯೇ. ಅದಕ್ಕೂ ಅವರ ಕೈಬರಹವೋ ಸಹಿಯೋ ಬೇಕು.

ಕೊನೆಯ ದಿನ ಕೋರ್ಟಿಗೆ ರಜೆಯಿದ್ದರೆ, ತೆರೆದ ದಿನವೇ ಹಾಕಬಹುದು. ತಡವಾದರೆ ಮಾತ್ರ, ಎದುರಿನವರು ತಕರಾರು ಎತ್ತದಿದ್ದರೂ ನ್ಯಾಯಾಧೀಶರು ದಾವೆ ವಜಾ ಮಾಡಲೇಬೇಕು.

ಬೆವರು ಸುರಿಸಿದ ದುಡ್ಡು, ಅಲ್ವಾ? ಸುಮ್ನೆ ಕೂರಬೇಡಿ. ಈ ವಾರವೇ ತೂಕದ ಚೀಟಿ ಹಿಡಿದು ವಕೀಲರನ್ನು ಕಾಣಿ. ಖರ್ಚಿಗೆ ಕಷ್ಟವಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ.