ಬೈಪಾಸ್ ಎಂದರು, ವಿಮೆ ಇಲ್ಲ

ಪ್ರಶ್ನೆ: ತಂದೆಗೆ ಬೈಪಾಸ್ ಆಗಬೇಕೆಂದು ಖಾಸಗಿ ಆಸ್ಪತ್ರೆಯವರು ಮುಂಗಡ ಕೇಳಿದ್ದಾರೆ. ವಿಮೆ ಮಾಡಿಸಿಲ್ಲ. ಬಿಪಿಎಲ್ ಕಾರ್ಡ್ ಇದೆ. ಸಾಲ ಮಾಡಲೇಬೇಕೆ?

ಉತ್ತರ: ಸದ್ಯಕ್ಕೆ ಬೇಡ. ಮುಂಗಡವನ್ನೂ ಕಟ್ಟಬೇಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಸರ್ಕಾರ ಭರಿಸುವುದು ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರ) ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ.

ಆಂಜಿಯೋಗ್ರಾಮ್ ವರದಿ, ಸಿಡಿ, ಆಧಾರ್, ರೇಷನ್ ಕಾರ್ಡ್ ಹಿಡಿದು ಮೊದಲು ಜಿಲ್ಲಾಸ್ಪತ್ರೆಗೆ ಹೋಗಿ. ಅಲ್ಲಿ ಆ ಶಸ್ತ್ರಚಿಕಿತ್ಸೆ ಇಲ್ಲದಿದ್ದರೆ ರೆಫರಲ್ ಪತ್ರ ಕೊಡುತ್ತಾರೆ. ಅದರೊಂದಿಗೆ ಯೋಜನೆಯಲ್ಲಿ ನೋಂದಾಯಿತ ಆಸ್ಪತ್ರೆಗೆ ಹೋಗಿ ಅಲ್ಲಿ ಯೋಜನೆಯ ಸಹಾಯಕರಾಗಿರುವ ಆರೋಗ್ಯಮಿತ್ರರನ್ನು ಕಾಣಿ. ಅವರ ಕೌಂಟರ್ ಆಸ್ಪತ್ರೆಯಲ್ಲೇ ಇರುತ್ತದೆ. ಯೋಜನೆಯ ಬೋರ್ಡ್ ಇದ್ದರೆ ಸಾಲದು, ಹೃದಯ ವಿಭಾಗಕ್ಕೂ ನೋಂದಣಿ ಇದೆಯೇ ಎಂದು ಕೇಳಿ. ಸರ್ಕಾರಿ ಸ್ವಾಯತ್ತ ಸಂಸ್ಥೆಯಾದ ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿದೆ.

ಕೆಲಸ ಕೆಡುವುದು ಹೆಚ್ಚಾಗಿ ಹೆಸರಿನಲ್ಲಿ. ಆಧಾರ್‌ನಲ್ಲಿ ‘ಸಿದ್ದಪ್ಪ’, ರೇಷನ್ ಕಾರ್ಡ್‌ನಲ್ಲಿ ‘ಸಿದ್ರಾಮಪ್ಪ’ ಎಂದಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ, ಇವತ್ತೇ ನೋಡಿಕೊಳ್ಳಿ. ಇನ್ನೊಂದು: ಚಿಕಿತ್ಸೆಗೆ ಯೋಜನೆಯ ಪೂರ್ವಾನುಮತಿ ಬರುವ ಮೊದಲೇ ಕೈಯಿಂದ ಕಟ್ಟಿ ಆಪರೇಷನ್ ಮಾಡಿಸಿದರೆ, ಆಮೇಲೆ ಆ ಹಣ ವಾಪಸ್ ಸಿಗುತ್ತದೆಂದು ನಂಬಬೇಡಿ.

ಎದೆನೋವು ಜೋರಾದರೆ ಈ ಕಾಗದಪತ್ರದ ಕೆಲಸವೆಲ್ಲ ಆಮೇಲೆ. 108ಕ್ಕೆ ಕರೆ ಮಾಡಿ. ತುರ್ತು ಚಿಕಿತ್ಸೆಗೆ ರೆಫರಲ್ ಬೇಕಿಲ್ಲ.