ಕೇಳಿ, ಹೇಳುತ್ತೇವೆ: ಬೇರೆ ನಕ್ಷತ್ರದ ಗ್ರಹಕ್ಕೆ ಕ್ಯಾಮೆರಾ ಹಿಡಿಯುವುದು

ಪ್ರಶ್ನೆ: ಬೇರೆ ನಕ್ಷತ್ರಗಳ ಗ್ರಹಗಳ ಫೋಟೊ ಎಂದು ಬರುವುದೆಲ್ಲ ಕಲಾವಿದರು ಬರೆದದ್ದೇ? ನಿಜವಾದ ಫೋಟೊ ಇದ್ದರೆ ನಕ್ಷತ್ರದ ಬೆಳಕನ್ನು ಹೇಗೆ ತೆಗೆಯುತ್ತಾರೆ?
– ಬಿ.ಎಸ್‌ಸಿ. ವಿದ್ಯಾರ್ಥಿನಿ, ತುಮಕೂರು

ಉತ್ತರ: ಮೋಡ, ಉಂಗುರ, ಸೂರ್ಯೋದಯ ಎಲ್ಲ ಕಂಡರೆ ಅದು ಕಲಾವಿದರದ್ದೇ. ನಿಜವಾದ ಫೋಟೊದಲ್ಲಿ ಗ್ರಹ ಬರೀ ಒಂದು ಚುಕ್ಕಿ. ಸುಮಾರು 130 ಜ್ಯೋತಿರ್ವರ್ಷ ದೂರದ ಎಚ್‌ಆರ್ 8799 ನಕ್ಷತ್ರದ ಸುತ್ತ ಇಂಥ ನಾಲ್ಕು ಚುಕ್ಕಿಗಳಿವೆ. ಮೂರನ್ನು 2008ರಲ್ಲಿ, ನಾಲ್ಕನೆಯದನ್ನು 2010ರಲ್ಲಿ ಪ್ರಕಟಿಸಿದರು.

33 ಜ್ಯೋತಿರ್ವರ್ಷ ದೂರದಿಂದ ನೋಡಿದರೆ ನಮ್ಮ ಸೂರ್ಯನಿಗೂ ಗುರುವಿಗೂ ನಡುವೆ ಅರ್ಧ ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡ್) ಅಂತರ. 8 ಮೀಟರ್ ಕನ್ನಡಿ 1.6 ಮೈಕ್ರಾನ್ ಅವಕೆಂಪಿನಲ್ಲಿ 0.05 ಆರ್ಕ್‌ಸೆಕೆಂಡಿನಷ್ಟನ್ನೂ ಬಿಡಿಸಿ ತೋರಿಸಬಲ್ಲದು, ಆದ್ದರಿಂದ ಅಂತರ ಧಾರಾಳವಾಯಿತು. ಕಷ್ಟವಿರುವುದು ಬೆಳಕಿನಲ್ಲಿ. ಗುರು ಸೂರ್ಯನಿಗಿಂತ ಸುಮಾರು ನೂರು ಕೋಟಿ ಪಟ್ಟು ಮಂದ, ಭೂಮಿ ಇನ್ನೂ ಹತ್ತು ಪಟ್ಟು. ಈಗಷ್ಟೇ ಹುಟ್ಟಿ ಬಿಸಿ ಆರದ ದೈತ್ಯ ಗ್ರಹವಾದರೆ ಅವಕೆಂಪಿನಲ್ಲಿ ಈ ವ್ಯತ್ಯಾಸ ಹತ್ತು ಸಾವಿರದಿಂದ ಹತ್ತು ಲಕ್ಷ ಪಟ್ಟಿಗೆ ಇಳಿಯುತ್ತದೆ. ಈವರೆಗೆ ಸಿಕ್ಕಿರುವವು ಬಹುಪಾಲು ಅಂಥವೇ.

ಮೊದಲ ಕೆಲಸ ಗಾಳಿಯ ನಡುಕ ಸರಿಪಡಿಸುವುದು. ಆಕಾರ ಬದಲಿಸುವ ಕನ್ನಡಿಯೊಂದು ಸೆಕೆಂಡಿಗೆ ಸಾವಿರ ಸಲ ಬಾಗಿ ನಕ್ಷತ್ರವನ್ನು ಮತ್ತೆ ಚುಕ್ಕಿಯಾಗಿಸುತ್ತದೆ. ಆಮೇಲೆ ಕೊರೋನಾಗ್ರಾಫ್. ಚಿತ್ರ ಮೂಡುವ ಜಾಗದಲ್ಲಿ ಸಣ್ಣ ಮರೆಯಿಟ್ಟು ನಕ್ಷತ್ರದ ನಡುಭಾಗ ಮುಚ್ಚುತ್ತಾರೆ. ಅಷ್ಟಕ್ಕೇ ನಿಲ್ಲಿಸಿದರೆ ಸಾಲದು: ಮರೆಯನ್ನು ಸುತ್ತಿ ಬಂದ ಬೆಳಕು ಮುಂದೆ ಕನ್ನಡಿಯ ಪ್ರತಿಬಿಂಬದ ಅಂಚಿನಲ್ಲಿ ಉಂಗುರವಾಗಿ ಸೇರುತ್ತದೆ. ಅಲ್ಲಿ ಇನ್ನೊಂದು ತೂತಿನ ತಟ್ಟೆಯಿಟ್ಟು ಅಂಚನ್ನು ಕತ್ತರಿಸಬೇಕು. 1930ರ ದಶಕದಲ್ಲಿ ಬರ್ನಾರ್ಡ್ ಲಿಯೊ ಸೂರ್ಯನ ಕರೋನ (ಹೊರ ವಾತಾವರಣ) ನೋಡಲು ಮಾಡಿದ ಉಪಾಯವಿದು. ಆದಿತ್ಯ-ಎಲ್1ರ ಕೊರೋನಾಗ್ರಾಫನ್ನು ಜೋಡಿಸಿದ್ದು ಕೋಲಾರದ ದಾರಿಯ ಹೊಸಕೋಟೆಯಲ್ಲೇ.

ಇಷ್ಟಾದರೂ ಕಲೆಗಳು ಉಳಿಯುತ್ತವೆ. ಕನ್ನಡಿಯ ನವಿರಾದ ಉಬ್ಬುತಗ್ಗುಗಳಿಂದ ಹುಟ್ಟುವ ಈ ಚುಕ್ಕಿಗಳು ನೋಡಲು ಥೇಟ್ ಗ್ರಹದಂತೆ. ಇವನ್ನು ಹಿಡಿಯುವ ಉಪಾಯವೇ ಇಡೀ ವಿದ್ಯೆಯಲ್ಲಿ ಚಂದದ್ದು. ದೊಡ್ಡ ದೂರದರ್ಶಕಗಳಲ್ಲಿ ಆಕಾಶದ ತಿರುಗುವಿಕೆಗೆ ತಕ್ಕಂತೆ ಚಿತ್ರವನ್ನು ತಿರುಗಿಸುವ ಏರ್ಪಾಡು ಇರುತ್ತದೆ. ಅದನ್ನು ಬೇಕೆಂದೇ ನಿಲ್ಲಿಸುತ್ತಾರೆ. ಕಲೆಗಳು ಯಂತ್ರಕ್ಕೆ ಅಂಟಿದವು, ಇದ್ದಲ್ಲೇ ಇರುತ್ತವೆ. ಗ್ರಹ ಆಕಾಶದ್ದು, ಆಕಾಶದ ಜೊತೆ ಚಿತ್ರದಲ್ಲಿ ನಿಧಾನವಾಗಿ ಸುತ್ತುತ್ತದೆ. ನಕ್ಷತ್ರ ನೆತ್ತಿಯ ಗೆರೆ ದಾಟುವ ಹೊತ್ತಿನಲ್ಲಿ ನೂರಾರು ಚಿತ್ರ ತೆಗೆದು, ಅವುಗಳ ಮಧ್ಯಮ ಬೆಲೆಯನ್ನು (ಮೀಡಿಯನ್) ಪ್ರತಿ ಚಿತ್ರದಿಂದ ಕಳೆದು, ಎಲ್ಲದರ ಉತ್ತರ ದಿಕ್ಕನ್ನು ಒಂದಾಗಿಸಿ ಕೂಡಿಸಿದರೆ ಗ್ರಹ ಉಳಿಯುತ್ತದೆ.

ಎಡವುವುದು ಇಲ್ಲಿಯೇ. ಆಕಾಶ 10 ಡಿಗ್ರಿ ತಿರುಗಿದರೆ ನಕ್ಷತ್ರದಿಂದ 0.5 ಆರ್ಕ್‌ಸೆಕೆಂಡ್ ದೂರದ ಗ್ರಹ 0.087ರಷ್ಟು ಸರಿಯುತ್ತದೆ, ತನ್ನ ಅಗಲಕ್ಕಿಂತ ಹೆಚ್ಚು. 0.2ರಲ್ಲಿರುವ ಗ್ರಹ ಸರಿಯುವುದು 0.035 ಮಾತ್ರ. ಆಗ ಕಳೆಯುವ ಲೆಕ್ಕದಲ್ಲಿ ಗ್ರಹವೂ ಕಳೆದುಹೋಗುತ್ತದೆ. ಇನ್ನು, ಉಳಿದ ಚುಕ್ಕಿ ಹಿಂದಿನ ಯಾವುದೋ ನಕ್ಷತ್ರವಲ್ಲವೆಂದು ತಿಳಿಯಲು ಒಂದೆರಡು ವರ್ಷ ಬಿಟ್ಟು ಮತ್ತೆ ನೋಡಲೇಬೇಕು.

ಪ್ರಶ್ನೆ: ನಮ್ಮೂರ ರೇಡಿಯೊ ದೂರದರ್ಶಕದಲ್ಲಿ ಇಂಥ ಚಿತ್ರ ಸಾಧ್ಯವೇ?
– ಓದುಗರು, ಗೌರಿಬಿದನೂರು

ಉತ್ತರ: ಇಲ್ಲ. ಆ ದೂರದರ್ಶಕದ 34.5 ಮೆಗಾಹರ್ಟ್ಸ್‌ನ ರೇಡಿಯೊ ಅಲೆಯ ಉದ್ದವೇ 8.7 ಮೀಟರ್. ಪೂರ್ವ-ಪಶ್ಚಿಮವಾಗಿ ಸುಮಾರು 1.4 ಕಿ.ಮೀ. ಆಂಟೆನಾ ಸಾಲು ಹಾಕಿದರೂ ಅದು ಬಿಡಿಸಿ ನೋಡಬಲ್ಲ ಅತಿ ಸಣ್ಣ ಅಗಲ ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟು.

ಪ್ರಶ್ನೆ: ಶಾಲೆಯಲ್ಲಿ 8 ಇಂಚು ಕನ್ನಡಿಯ ಡಾಬ್ಸೋನಿಯನ್ ದೂರದರ್ಶಕ ಇದೆ (ಫೋಕಲ್ ಲೆಂತ್ 1200 ಮಿ.ಮೀ.). ಮಕ್ಕಳಿಗೆ ಇದರಲ್ಲಿ ಏನು ತೋರಿಸಬಹುದು?
– ವಿಜ್ಞಾನ ಶಿಕ್ಷಕರು, ಕೋಲಾರ

ಉತ್ತರ: ಗ್ರಹ ಆಗದು. ಲುಬ್ಧಕದ (ಸಿರಿಯಸ್) ಜೊತೆಗಾರ ಶ್ವೇತಕುಬ್ಜವನ್ನು (ಉರಿದು ಮುಗಿದ ಪುಟ್ಟ ನಕ್ಷತ್ರ) ಹಿಡಿಯಿರಿ. ಸುಮಾರು 11 ಆರ್ಕ್‌ಸೆಕೆಂಡ್ ಪಕ್ಕದಲ್ಲಿ, ಹತ್ತು ಸಾವಿರ ಪಟ್ಟು ಮಂದವಾಗಿ ಇದೆ. ಫೆಬ್ರವರಿ ನಡುವಿನಲ್ಲಿ ರಾತ್ರಿ ಒಂಬತ್ತೂವರೆಗೆ ಲುಬ್ಧಕ ನಿಮ್ಮಲ್ಲಿ 60 ಡಿಗ್ರಿ ಎತ್ತರಕ್ಕೆ ಬರುತ್ತದೆ. ದೂರದರ್ಶಕವನ್ನು ಒಂದು ಗಂಟೆ ಮೊದಲೇ ಹೊರಗಿಡಿ. ತಾರಸಿ ಬೇಡ, ಹಗಲೆಲ್ಲ ಕಾದ ಕಾಂಕ್ರೀಟಿನ ಮೇಲೆ ಗಾಳಿ ನಡುಗುತ್ತದೆ. ಮಣ್ಣಿನ ಅಂಗಳ ವಾಸಿ.

10 ಮಿ.ಮೀ. ಪ್ಲೋಸಲ್ ಮಾದರಿಯ ಐಪೀಸಿನ (ಕಣ್ಣಿಟ್ಟು ನೋಡುವ ಮಸೂರ) ತಳದ ಒಳಗಿರುವ ಉಂಗುರದ ಅರ್ಧಕ್ಕೆ, ಹೊಸ ಬ್ಲೇಡಿನಲ್ಲಿ ಕತ್ತರಿಸಿದ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ. 2 ಪಟ್ಟಿನ ಬಾರ್ಲೋ (ಚಿತ್ರ ಹಿಗ್ಗಿಸುವ ಮಸೂರ) ಹಾಕಿದರೆ 240 ಪಟ್ಟು ದೊಡ್ಡದಾಗಿ ಕಾಣುತ್ತದೆ. ಬಾರ್ಲೋ ಇಲ್ಲದಿದ್ದರೆ ಎರಡು ನಕ್ಷತ್ರಗಳ ಅಂತರ ಫಾಯಿಲ್ ಅಂಚಿನಲ್ಲಿ 0.06 ಮಿ.ಮೀ., ಒಂದು ಕೂದಲೆಳೆ, ಇದ್ದರೆ ಎರಡೆಳೆ. ನಕ್ಷತ್ರ ಜಾರಿ ಹೋಗುವ ಕಡೆಯೇ ಪಶ್ಚಿಮ, ಫಾಯಿಲ್ ಆ ಕಡೆಗಿರಲಿ. ಲುಬ್ಧಕ ಮರೆಯಾದ ಮೇಲೆ ಮುಕ್ಕಾಲು ಸೆಕೆಂಡಿನಷ್ಟು ಹೊತ್ತು ಜೊತೆಗಾರ ಒಂಟಿಯಾಗಿ ಉಳಿಯುತ್ತಾನೆ. ಹತ್ತಾರು ಸಲ ಜಾರಿಸಿ ನೋಡಿ.

ಫಾಯಿಲ್ ತಡೆಯುವುದು ನಡುಭಾಗದ ಬೆಳಕನ್ನು ಮಾತ್ರ, ಸುತ್ತ ಚೆದುರಿದ ಬೆಳಕು ಹಾಗೇ ಇರುತ್ತದೆ. ಅದಕ್ಕೆ ಕೊಳವೆಯ ಬಾಯಿಗೆ 9.5 ಸೆಂ.ಮೀ. ಬಾಹುವಿನ ಷಟ್ಕೋನ ಕತ್ತರಿಸಿದ ಕಪ್ಪು ರಟ್ಟು ಹಾಕಿ. ಕಾಲು ಭಾಗ ಬೆಳಕು ಹೋದರೂ ಚೆದುರಿದ್ದು ಆರು ಕಿರಣಗಳಿಗೆ ಸೇರಿ ನಡುವೆ ಕತ್ತಲೆಯ ಸಂದಿ ಬಿಡುತ್ತದೆ. ರಟ್ಟನ್ನು ತಿರುಗಿಸಿ ಪೂರ್ವ-ಈಶಾನ್ಯ ದಿಕ್ಕು ಸಂದಿಯಲ್ಲಿ ಬೀಳುವಂತೆ ಮಾಡಿ.

ಚುಕ್ಕಿ ಕಂಡಿತೆಂದು ಯಾರಾದರೂ ಕೂಗಿದರೆ ಐಪೀಸ್ ತಿರುಗಿಸಿ; ಚುಕ್ಕಿಯೂ ತಿರುಗಿದರೆ ಅದು ಗಾಜಿನ ಪ್ರತಿಫಲನ. ರಟ್ಟು ತಿರುಗಿಸಿದಾಗ ತಿರುಗಿದರೆ ರಟ್ಟಿನದು. ಎರಡಕ್ಕೂ ಜಗ್ಗದೆ, ಅರ್ಧ ಗಂಟೆಯಲ್ಲಿ ತಾನೇ ಸುಮಾರು 15 ಡಿಗ್ರಿ ಸುತ್ತಿದರೆ ಅದು ಆಕಾಶದ್ದು.